ಕಡಲಿಲ್ಲದ ಜಿಲ್ಲೆಯ ತರಗತಿಯಲ್ಲಿ ಜಲಸಂಧಿಯ ಪಾಠ ಮಾಡುವ ಬಗೆ

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಜಲಸಂಧಿಯ ಪಾಠ ಸಾಮಾನ್ಯವಾಗಿ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಎರಡು ಭೂಭಾಗಗಳ ನಡುವೆ ಇದ್ದು ಎರಡು ಜಲರಾಶಿಗಳನ್ನು ಕೂಡಿಸುವ ಇಕ್ಕಟ್ಟಾದ ನೀರಿನ ಹಾದಿಯೇ ಜಲಸಂಧಿ ಎಂಬ ವ್ಯಾಖ್ಯೆಯನ್ನು ಬರೆಸಿ, ಪಾಕ್ ಜಲಸಂಧಿಯ ಹೆಸರು ಹೇಳಿ, ನಕಾಶೆಯಲ್ಲಿ ಅದನ್ನು ಗುರುತಿಸಲು ಕಲಿಸಿದರೆ ಅಂಕಗಳ ಮಟ್ಟಿಗೆ ಕೆಲಸ ಆದಂತೆಯೇ. ಆದರೆ ಸಮುದ್ರದಿಂದ ನೇರ ಗೆರೆಯಲ್ಲಿ ಅಳೆದರೂ ಸುಮಾರು ನಾಲ್ಕು ನೂರು ಕಿಲೋಮೀಟರ್ ದೂರವಿರುವ ನಮ್ಮ ಊರುಗಳ ಮಕ್ಕಳಲ್ಲಿ ಒಬ್ಬರಾದರೂ ಇಂಥ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: "ಸರ್, ಎರಡೂ ಕಡಿ ಸಮುದ್ರನೇ ಅದ, ಮತ್ತ ನಡುವ ನೀರು ಯಾಕ ಹರಿತದ್ರಿ?" ಈ ಪ್ರಶ್ನೆಗೆ ವ್ಯಾಖ್ಯೆಯಲ್ಲಿ ಉತ್ತರವಿಲ್ಲ. ಉತ್ತರವಿರುವುದು ಜಲಸಂಧಿಯ ಎರಡು ಬಾಯಿಗಳಲ್ಲಿ ನೀರಿನ ಮಟ್ಟ ಒಂದೇ ಹೊತ್ತಿಗೆ ಒಂದೇ ಆಗಿರುವುದಿಲ್ಲ ಎಂಬುದರಲ್ಲಿ, ಮತ್ತು ನೀರಿಗೆ ಬೇರೆ ಹಾದಿ ಇದೆಯೋ ಇಲ್ಲವೋ ಎಂಬುದರಲ್ಲಿ.

ಸಮುದ್ರ ತೀರದ ಹತ್ತಿರ ಅಕ್ಕಪಕ್ಕದಲ್ಲಿರುವ ಎರಡು ಸಣ್ಣ ದ್ವೀಪಗಳ ನಡುವಿನ ಇಕ್ಕಟ್ಟಾದ ಜಲಸಂಧಿಯನ್ನು ಮಾದರಿಯಾಗಿ ಇಟ್ಟುಕೊಂಡು, ಒಂಬತ್ತು ಅಥವಾ ಹತ್ತನೆಯ ತರಗತಿಯಲ್ಲಿ ಇದನ್ನು ತೋರಿಸಿ ಕಲಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಎರಡು ಅವಧಿಗಳು ಬೇಕು. ಮೊದಲನೆಯದು ಮಾದರಿಗೆ, ಎರಡನೆಯದು ಲೆಕ್ಕಕ್ಕೆ. ಅವಧಿ ಒಂದೇ ಸಿಗುವುದಾದರೆ ಲೆಕ್ಕವನ್ನು ಬಿಡಬಹುದು, ಮಾದರಿಯನ್ನು ಬಿಡಬಾರದು.

ಮೊದಲು ಸಮುದ್ರ ಮಟ್ಟದ ಮಾತು

ಪಾಠದ ಹಿಂದಿನ ದಿನ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಡಬೇಕು. ಕಲಬುರಗಿ, ವಾಡಿ, ಶಹಾಬಾದ್, ಯಾದಗಿರಿ, ಬೀದರ್, ಹೀಗೆ ಹತ್ತಿರದ ಯಾವುದೇ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಆ ಊರು ಎಷ್ಟು ಎತ್ತರದಲ್ಲಿದೆ ಎಂದು ಬರೆದಿರುತ್ತದೆ. ಅದನ್ನು ಬರೆದುಕೊಂಡು ಬರಲು ಹೇಳಬೇಕು. ದಿನವೂ ಕಾಣುವ ಈ ಅಂಕಿ ಯಾವ ಮಟ್ಟದಿಂದ ಅಳೆದದ್ದು ಎಂದು ಕೇಳಿದರೆ, ಸಮುದ್ರದ ನೀರು ಒಂದೇ ಮಟ್ಟದಲ್ಲಿ ಸ್ಥಿರವಾಗಿ ನಿಂತಿರುತ್ತದೆ ಎಂಬ ನಂಬಿಕೆಯೇ ಹೆಚ್ಚಿನ ಮಕ್ಕಳ ಉತ್ತರದಲ್ಲಿ ಕಾಣುತ್ತದೆ. ಫಲಕದಲ್ಲಿರುವುದು ವರ್ಷಗಟ್ಟಲೆ ಅಳೆದು ತೆಗೆದ ಸರಾಸರಿ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ, ನಿಜವಾದ ನೀರು ಆ ಸರಾಸರಿಯ ಮೇಲಕ್ಕೂ ಕೆಳಕ್ಕೂ ದಿನಕ್ಕೆ ಎರಡೆರಡು ಸಲ ಹೋಗಿಬರುತ್ತದೆ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಇಂದಿನ ಉಬ್ಬರದ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ.

ಚಂದ್ರನ ಪಾತ್ರವನ್ನು ಹೇಳಲು ಪಂಚಾಂಗಕ್ಕಿಂತ ಒಳ್ಳೆಯ ಸಾಧನ ನಮ್ಮ ಭಾಗದಲ್ಲಿ ಬೇರೆ ಇಲ್ಲ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಏರಿಳಿತ ಹೆಚ್ಚಾಗುತ್ತದೆ. ಅದರ ಪೂರ್ಣ ಪರಿಣಾಮ ಒಂದೆರಡು ದಿನ ತಡವಾಗಿ ಕಾಣಿಸುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕನಿಷ್ಠವಾಗಿರುತ್ತದೆ. ಎಳ್ಳಮಾವಾಸ್ಯೆಯ ದಿನ ನಾವು ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ ಸಜ್ಜಿರೊಟ್ಟಿ ಉಣ್ಣುವ ಹೊತ್ತಿಗೆ ಮಲ್ಪೆ, ಕಾರವಾರಗಳಲ್ಲಿ ನೀರು ದೊಡ್ಡ ಏರಿಳಿತಕ್ಕೆ ಸಿದ್ಧವಾಗುತ್ತಿರುತ್ತದೆ. ಹೋಳಿ ಹುಣ್ಣಿಮೆಯ ನಂತರ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವಷ್ಟರಲ್ಲಿ ಕರಾವಳಿಯ ಏರಿಳಿತ ಕುಗ್ಗುತ್ತಾ ಬಂದಿರುತ್ತದೆ. ತಿಥಿಯನ್ನು ಬಲ್ಲ ಮಗುವಿಗೆ ಸಮುದ್ರದ ಅರ್ಧ ಲೆಕ್ಕ ಆಗಲೇ ಬಂದಿದೆ ಎಂದು ಹೇಳಿದರೆ ತಪ್ಪಾಗದು.

ಮಾದರಿಗೆ ಬೇಕಾಗುವ ಸಾಮಾನು

ಸುಮಾರು 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಆಳದ ಒಂದು ತಗಡಿನ ಟ್ರೇಯನ್ನು ಡಬ್ಬಿ, ಪೆಟ್ಟಿಗೆ ಮಾಡುವ ತಗಡಿನ ಅಂಗಡಿಯಲ್ಲಿ ಮಾಡಿಸಿಕೊಂಡು ಒಳಗೆ ಬಿಳಿ ಬಣ್ಣ ಬಳಿಯಿಸಬೇಕು. ಬಣ್ಣ ಬಿಳಿಯೇ ಆಗಿರಬೇಕು. ಬರಿಯ ತಗಡಿನ ಹೊಳಪಿನಲ್ಲಿ ನೀರಿನ ಚಲನೆ ಕಣ್ಣಿಗೆ ಹತ್ತುವುದಿಲ್ಲ. ಇದಕ್ಕೆ 8 ಸೆಂಟಿಮೀಟರ್ ಆಳಕ್ಕೆ ನೀರು ತುಂಬಿದರೆ 32 ಲೀಟರ್ ಹಿಡಿಯುತ್ತದೆ, ಅಂದರೆ ನೀರಿನ ತೂಕವೇ 32 ಕಿಲೋಗ್ರಾಂ ಆಗುತ್ತದೆ. ಆದ್ದರಿಂದ ಟ್ರೇಯನ್ನು ಮೊದಲು ನೆಲದ ಮೇಲೆ, ಮಕ್ಕಳು ಸುತ್ತಲೂ ಕುಳಿತು ನೋಡುವಂಥ ಜಾಗದಲ್ಲಿ ಇಟ್ಟು, ಆಮೇಲೆ ನೀರು ತುಂಬಬೇಕು. ತುಂಬಿದ ಮೇಲೆ ಎತ್ತಲು ಹೋಗಬಾರದು.

ದ್ವೀಪಗಳಿಗೆ ಶಹಾಬಾದಿ ಫರಸಿಯ ತುಂಡುಗಳು ಸಾಕು. ನಮ್ಮಲ್ಲಿ ಕಟ್ಟಡ ನಡೆಯುವ ಜಾಗದಲ್ಲೆಲ್ಲ ಅವು ಬಿದ್ದಿರುತ್ತವೆ. ಅಂಗೈ ಅಗಲದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ತೆಳುವಾಗಿ ಸಿಮೆಂಟ್ ಹಚ್ಚಿ, 10 ಸೆಂಟಿಮೀಟರ್ ಎತ್ತರದ ಎರಡು ದಿಂಡುಗಳನ್ನು ಮಾಡಿಕೊಳ್ಳಬೇಕು. ಗರಗಸದಲ್ಲಿ ಕೊಯ್ದ ನೇರ ಅಂಚು ಜಲಸಂಧಿಯ ಕಡೆಗೆ ಬರುವಂತೆ ಜೋಡಿಸಿದರೆ ಸಂದಿನ ಅಗಲ ಮೇಲಿಂದ ಕೆಳಗಿನವರೆಗೂ ಒಂದೇ ಆಗಿ, ಅಳೆಯಲು ಅನುಕೂಲವಾಗುತ್ತದೆ.

ಉಳಿದಂತೆ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ ಎರಡೂ ತುದಿಗೆ ಹುರಿ ಕಟ್ಟಿದ ಒಂದು ಇಟ್ಟಿಗೆ, ಕುಂಬಾರರು ಬಳಸುವ ಜೇಡಿಮಣ್ಣು, ಎರಡು ಪ್ಲಾಸ್ಟಿಕ್ ಸ್ಕೇಲು, ಒಂದು ಹಿಡಿ ಚುರುಮುರಿ, ನೀಲಿ ಶಾಯಿ ಮತ್ತು ಕುದಿಸಿ ಸೋಸಿದ ಚಹಾಪುಡಿ ಬೇಕು. ಸಮುದ್ರದ ತಳ ತೋರಿಸಲು ಉಸುಕು ಹಾಕುವ ಆಸೆ ಬರುವುದು ಸಹಜ. ಆದರೆ ಇಷ್ಟು ಸಣ್ಣ ಟ್ರೇಯಲ್ಲಿ ಹುಟ್ಟುವ ಹರಿವಿಗೆ ಉಸುಕಿನ ಕಣ ಅಲುಗುವುದಿಲ್ಲ. ಕುದಿದು ನೀರು ಹೀರಿದ ಚಹಾಪುಡಿ ತಳಕ್ಕೆ ಇಳಿಯುವಷ್ಟು ಭಾರವೂ ಹರಿವಿಗೆ ಜರುಗುವಷ್ಟು ಹಗುರವೂ ಆಗಿರುವುದರಿಂದ ಈ ಕೆಲಸಕ್ಕೆ ಅದೇ ಸರಿ.

ಮಾದರಿಯನ್ನು ನಡೆಸುವ ಕ್ರಮ

ಎರಡು ದಿಂಡುಗಳನ್ನು ಟ್ರೇಯ ನಟ್ಟನಡುವೆ ಅಡ್ಡಲಾಗಿ, ಅವುಗಳ ನಡುವೆ 3 ಸೆಂಟಿಮೀಟರ್ ಸಂದು ಉಳಿಯುವಂತೆ ಇಡಬೇಕು. ಪ್ರತಿಯೊಂದು ದಿಂಡಿನ ಹೊರಬದಿಯಿಂದ ಟ್ರೇಯ ಗೋಡೆಯವರೆಗಿನ ಖಾಲಿ ಜಾಗವನ್ನು ಜೇಡಿಮಣ್ಣಿನ ಒಡ್ಡಿನಿಂದ ಮುಚ್ಚಿ, ಮಣ್ಣು ಕರಗಿ ನೀರು ರಾಡಿಯಾಗದಂತೆ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಬೇಕು. ಈಗ ಟ್ರೇ ಎರಡು ಸಮುದ್ರಗಳಾಗಿ ಒಡೆದಿದೆ, ಅವುಗಳ ನಡುವೆ ಇರುವುದು ಒಂದೇ ಹಾದಿ. ಎರಡೂ ಕಡೆಯ ಗೋಡೆಗಳಿಗೆ ಒಂದೊಂದು ಸ್ಕೇಲನ್ನು ನೆಟ್ಟಗೆ ಅಂಟಿಸಿ ನೀರು ತುಂಬಬೇಕು. ನೀರು ಪೂರ್ತಿ ನಿಂತ ಮೇಲೆ ಎರಡೂ ಸ್ಕೇಲುಗಳ ಅಂಕಿಯನ್ನು ಬೇರೆ ಬೇರೆ ಮಕ್ಕಳು ಓದಿ ಹೇಳಲಿ.

ಉಬ್ಬರ ತರಿಸುವುದು ಇಟ್ಟಿಗೆಯ ಕೆಲಸ. ಸಾಧಾರಣ ಇಟ್ಟಿಗೆ ಪೂರ್ತಿ ಮುಳುಗಿದಾಗ ಒಂದೂವರೆ ಲೀಟರಿನಷ್ಟು ನೀರನ್ನು ತಳ್ಳುತ್ತದೆ. ಒಂದು ಕಡೆಯ ಸಮುದ್ರದಲ್ಲಿ ಅದನ್ನು ಹುರಿ ಹಿಡಿದು ಹತ್ತು ಎಣಿಸುವವರೆಗೆ ನಿಧಾನವಾಗಿ ಇಳಿಸಬೇಕು. ಧೊಪ್ಪನೆ ಹಾಕಿದರೆ ಏಳುವುದು ಅಲೆಯೇ ಹೊರತು ಉಬ್ಬರವಲ್ಲ, ಈ ವ್ಯತ್ಯಾಸವನ್ನು ಒಮ್ಮೆ ಬೇಕೆಂದೇ ಮಾಡಿ ತೋರಿಸುವುದು ಒಳ್ಳೆಯದು. ಇಟ್ಟಿಗೆ ಇಳಿಯುತ್ತಿರುವಾಗ ಸಂದಿನ ಮೇಲೆ ನಾಲ್ಕಾರು ಚುರುಮುರಿ ಕಾಳುಗಳನ್ನು ಬಿಟ್ಟರೆ ಅವು ನಿಧಾನವಾಗಿ ಆಚೆಯ ಕಡೆಗೆ ಸಾಗುತ್ತವೆ. ಇಟ್ಟಿಗೆಯನ್ನು ಅದೇ ನಿಧಾನದಲ್ಲಿ ಮೇಲೆತ್ತಿದರೆ ಅದೇ ಹಾದಿಯಲ್ಲಿ ಹಿಂದಕ್ಕೆ ಬರುತ್ತವೆ. ಮಕ್ಕಳ ಪ್ರಶ್ನೆಗೆ ಮೊದಲ ಉತ್ತರ ಇದೇ. ಎರಡೂ ಕಡೆ ಸಮುದ್ರವೇ ಇದ್ದರೂ ಒಂದು ಕಡೆಯ ಮಟ್ಟ ಮೊದಲು ಏರಿದೆ, ಇನ್ನೊಂದು ಕಡೆಯದು ಇನ್ನೂ ಏರಬೇಕಾಗಿದೆ.

ಆಮೇಲೆ ದಿಂಡನ್ನು ಸರಿಸಿ, ಒಡ್ಡನ್ನು ಸರಿಮಾಡಿ, ಸಂದನ್ನು 1 ಸೆಂಟಿಮೀಟರಿಗೆ ಇಳಿಸಿ ಅದನ್ನೇ ಮತ್ತೆ ಮಾಡಬೇಕು. ಅಷ್ಟೇ ನೀರು ಮೂರನೆಯ ಒಂದು ಪಾಲು ಜಾಗದಲ್ಲಿ ಹಾಯಬೇಕಾದ್ದರಿಂದ ಚುರುಮುರಿ ಮೊದಲಿಗಿಂತ ಸುಮಾರು ಮೂರು ಪಟ್ಟು ವೇಗದಲ್ಲಿ ಓಡುತ್ತದೆ. ಇಕ್ಕಟ್ಟಾದಷ್ಟೂ ವೇಗ ಹೆಚ್ಚು ಎಂಬ ಪುಸ್ತಕದ ಮಾತು ಇಲ್ಲಿಗೆ ನಿಜವಾಯಿತು ಎಂದು ಅನೇಕ ಶಿಕ್ಷಕರು ನಿಲ್ಲಿಸಿಬಿಡುತ್ತಾರೆ, ಆದರೆ ನಿಲ್ಲಿಸಬಾರದ ಜಾಗ ಇದು. ಸಂದನ್ನು ಇನ್ನೂ ಕಡಿಮೆ ಮಾಡಿ 3 ಮಿಲಿಮೀಟರಿಗೆ ತರಬೇಕು. ಈಗ ಇಟ್ಟಿಗೆ ಇಳಿಸುವಾಗ ಎರಡು ಸ್ಕೇಲುಗಳನ್ನು ಓದುತ್ತಿರುವ ಮಕ್ಕಳು ಬೇರೆ ಬೇರೆ ಅಂಕಿ ಹೇಳತೊಡಗುತ್ತಾರೆ. ಇಟ್ಟಿಗೆ ಇರುವ ಕಡೆ ನೀರು ನಾಲ್ಕೈದು ಮಿಲಿಮೀಟರ್ ಮೇಲೆಯೇ ನಿಂತು, ಸಂದಿನಲ್ಲಿ ನುಗ್ಗಿ ಹರಿದು, ಸ್ವಲ್ಪ ಹೊತ್ತಿನ ನಂತರ ಮಾತ್ರ ಎರಡೂ ಕಡೆ ಸಮನಾಗುತ್ತದೆ. ನೀರಿನ ಮಟ್ಟದ ಈ ಅಂತರವೇ ಹರಿವನ್ನು ತಳ್ಳುವ ಬಲ. ವೇಗಕ್ಕೆ ಮಿತಿ ಹಾಕುವುದೂ ಅದೇ. ಆ ಮಿತಿ ಮುಟ್ಟಿದ ಮೇಲೆ ಸಂದನ್ನು ಎಷ್ಟು ಕಿರಿದು ಮಾಡಿದರೂ ಹಾಯುವ ನೀರಿನ ಪ್ರಮಾಣ ಕಡಿಮೆಯಾಗುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ.

ಇನ್ನು ನೀರು ಸಂದನ್ನು ಹೊಗುವ ರೀತಿ ಮತ್ತು ಹೊರಬೀಳುವ ರೀತಿ ಒಂದೇ ಅಲ್ಲ ಎಂಬುದನ್ನು ಹತ್ತಿರದಿಂದ ನೋಡಿಸಬೇಕು. ಸಂದು 1 ಸೆಂಟಿಮೀಟರ್ ಇರುವಾಗ ಹೊಗುವ ಬಾಯಿಯ ಹತ್ತಿರ ಎರಡು ಮೂರು ಹನಿ ಶಾಯಿ ಬಿಟ್ಟರೆ, ಎಡಬಲ ಮತ್ತು ಹಿಂದಿನಿಂದ, ಎಲ್ಲ ದಿಕ್ಕುಗಳಿಂದಲೂ ಅದು ಒಳಕ್ಕೆ ಸೆಳೆದುಕೊಳ್ಳುವುದು ಕಾಣುತ್ತದೆ. ಹೊರಬೀಳುವ ಬಾಯಿಯಲ್ಲಿ ಹಾಗಾಗದು. ಅಲ್ಲಿ ನೀಲಿ ಗೆರೆ ಹರಡದೆ ನೇರವಾಗಿ ಮುಂದಕ್ಕೆ ಚಿಮ್ಮಿ, ಅದರ ಎರಡೂ ಬದಿಯಲ್ಲಿ ನೀರು ಹಿಂದಕ್ಕೆ ತಿರುಗಿ ಸುಳಿಯಾಗುತ್ತದೆ. ಬದಿಯಲ್ಲಿ ಬಿಟ್ಟ ಚುರುಮುರಿಯ ಕಾಳು ಮುಂದಕ್ಕೆ ಹೋಗುವ ಬದಲು ಕಲ್ಲಿನ ಕಡೆಗೇ ಹಿಂತಿರುಗಿ, ಮತ್ತೆ ನಡುವಿನ ಹರಿವಿಗೆ ಸಿಕ್ಕಿ, ಗಿರಕಿ ಹೊಡೆಯುತ್ತದೆ. ಇಟ್ಟಿಗೆಯನ್ನು ಎತ್ತಿದ ಕೂಡಲೇ ಸುಳಿಗಳು ಸಂದಿನ ಈ ಕಡೆಗೆ ಬರುತ್ತವೆ. ನಿಜವಾದ ಜಲಸಂಧಿಯಲ್ಲಿ ದೋಣಿ ನಡೆಸುವವರು ನಡುವಿನ ಸೆಳೆತಕ್ಕಿಂತ ಅದರ ಅಂಚಿಗೆ ಹೆಚ್ಚು ಅಂಜುವುದೇಕೆ ಎಂಬುದು ಈ ಒಂದು ಕಾಳಿನ ಓಡಾಟದಿಂದ ತಿಳಿಯುತ್ತದೆ. ಮುಂದಕ್ಕೆ ಹರಿಯುವ ನೀರು ಮತ್ತು ಹಿಂದಕ್ಕೆ ಹರಿಯುವ ನೀರು ಒಂದನ್ನೊಂದು ಉಜ್ಜುವ ಗೆರೆಯಲ್ಲಿ ದೋಣಿಯ ಮೂತಿ ಒಂದು ಕಡೆಗೂ ಹಿಂಬದಿ ಇನ್ನೊಂದು ಕಡೆಗೂ ಎಳೆಯಲ್ಪಡುತ್ತದೆ.

ಚುರುಮುರಿ ನೀರು ಕುಡಿದು ಮೆತ್ತಗಾದರೆ ತೆಗೆದು ಹೊಸದನ್ನು ಹಾಕಬೇಕು. ಅಷ್ಟರಲ್ಲಿ ಮಕ್ಕಳು ತಿಂದು ಒಂದಿಷ್ಟೂ ಉಳಿದಿರುವುದಿಲ್ಲ ಎಂಬುದನ್ನು ಮುಂದಾಗಿಯೇ ಅಂದಾಜು ಮಾಡಿ ಸ್ವಲ್ಪ ಹೆಚ್ಚು ತಂದಿರಬೇಕು.

ಮುಂದಿನ ಹಂತದಲ್ಲಿ ಚಹಾಪುಡಿಯನ್ನು ಸಂದಿನ ತಳದಲ್ಲಿಯೂ ಎರಡು ಬಾಯಿಗಳ ಹತ್ತಿರವೂ ತೆಳುವಾಗಿ ಹರಡಿ, ಇಟ್ಟಿಗೆಯನ್ನು ಮೇಲೆ ಕೆಳಗೆ ಮಾಡುತ್ತಾ ಹೋಗಬೇಕು. ಸಂದಿನೊಳಗಿನ ಪುಡಿ ತೊಳೆದುಹೋಗಿ ಬಿಳಿ ತಳ ಕಾಣುತ್ತದೆ, ಹೊರಗೆ ವೇಗ ಕುಗ್ಗುವ ಜಾಗದಲ್ಲಿ ಎರಡೂ ಕಡೆ ಗುಡ್ಡೆ ಬೀಳುತ್ತದೆ. ಇಕ್ಕಟ್ಟಾದ ಜಲಸಂಧಿಗಳ ನಡುಭಾಗ ಆಳವಾಗಿದ್ದು ಬಾಯಿಗಳ ಹೊರಗೆ ಉಸುಕಿನ ದಿಬ್ಬಗಳು ಇರುವುದಕ್ಕೆ ಕಾರಣ ಇದೇ. ಹಡಗಿನವರಿಗೆ ಜಲಸಂಧಿಯ ಒಳಗಿಗಿಂತ ಅದರ ಬಾಗಿಲಲ್ಲಿ ತಳ ತಾಗುವ ಭಯ ಹೆಚ್ಚಿರುವುದೂ ಇದರಿಂದಲೇ.

ಒಡ್ಡು ಒಡೆದು ನೋಡುವುದು

ಈ ಮಾದರಿಯ ಮುಖ್ಯ ಭಾಗ ಕೊನೆಗೆ ಬರುತ್ತದೆ, ಗಂಟೆ ಬಾರಿಸಿತೆಂದು ಇದನ್ನು ಬಿಟ್ಟುಬಿಡುವುದು ಸರಿಯಲ್ಲ. ಸಂದನ್ನು 1 ಸೆಂಟಿಮೀಟರಿನಲ್ಲಿಯೇ ಇಟ್ಟು, ದಿಂಡುಗಳ ಹೊರಬದಿಯ ಜೇಡಿಮಣ್ಣಿನ ಒಡ್ಡುಗಳನ್ನು ತೆಗೆದುಹಾಕಬೇಕು. ಈಗ ಎರಡು ಕಲ್ಲುಗಳು ತೆರೆದ ಸಮುದ್ರದಲ್ಲಿ ನಿಂತ ಎರಡು ಸಣ್ಣ ದ್ವೀಪಗಳಾದವು. ಇಟ್ಟಿಗೆಯನ್ನು ಅದೇ ಎಣಿಕೆಯಲ್ಲಿ ಇಳಿಸಿದರೆ ಸಂದಿನಲ್ಲಿರುವ ಚುರುಮುರಿ ಹೆಚ್ಚೇನೂ ಜರುಗದು. ಸಂದಿನ ಅಗಲ ಬದಲಾಗಿಲ್ಲ, ಉಬ್ಬರ ಬದಲಾಗಿಲ್ಲ, ನೀರಿಗೆ ಸುತ್ತಿಕೊಂಡು ಹೋಗುವ ಹಾದಿ ಸಿಕ್ಕಿದೆ ಅಷ್ಟೇ. ಎರಡೂ ಬದಿಯಲ್ಲಿ ಧಾರಾಳವಾಗಿ ಹಾಯ್ದುಹೋಗುವ ನೀರು ಮಟ್ಟದ ಅಂತರ ಹುಟ್ಟಲು ಬಿಡುವುದೇ ಇಲ್ಲ. ಆದ್ದರಿಂದ ನಕಾಶೆಯಲ್ಲಿ ಎರಡು ದ್ವೀಪಗಳ ನಡುವೆ ಕಿರಿದಾದ ಸಂದು ಕಂಡ ಮಾತ್ರಕ್ಕೆ ಅಲ್ಲಿ ಭಾರಿ ಸೆಳೆತವಿದೆ ಎಂದು ತೀರ್ಮಾನಿಸಬಾರದು. ಆ ದ್ವೀಪಗಳ ಆಚೀಚೆ ಏನಿದೆ, ತೆರೆದ ನೀರೋ, ಮುಖ್ಯಭೂಮಿಯೋ, ಮುಳುಗಿದ ಬಂಡೆಗಳ ಸಾಲೋ ಎಂಬುದನ್ನು ಮೊದಲು ನೋಡಬೇಕು.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳು ಕಂಬಗಳಂತೆ ನಿಂತ ಲಾವಾ ಶಿಲೆಗಳಿಗಾಗಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲ್ಪಟ್ಟಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಇನ್ನೂ ಭಾರತಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಮೇಲೆ ಉಕ್ಕಿ ಬಂದ ಲಾವಾದಿಂದ ಆದವು ಅವು. ಅಲ್ಲಿಯ ದ್ವೀಪಗಳು ಮತ್ತು ಬಂಡೆಗಳ ನಡುವೆ ಕಿರಿದಾದ ನೀರಿನ ಹಾದಿಗಳಿವೆ. ಸುತ್ತ ತೆರೆದ ಸಮುದ್ರವಿರುವುದರಿಂದ ಅಲ್ಲಿ ಉಬ್ಬರದ ಸೆಳೆತಕ್ಕಿಂತ ಬಂಡೆಗೆ ಅಪ್ಪಳಿಸುವ ಅಲೆ ಮತ್ತು ಜಾರುವ ಕಲ್ಲುಗಳೇ ಹೆಚ್ಚು ಅಪಾಯಕಾರಿ. ಉಪಗ್ರಹ ಚಿತ್ರವನ್ನು ಮೊಬೈಲಿನಲ್ಲಿ ತೆರೆದು, ದೂರ ಅಳೆಯುವ ಸೌಲಭ್ಯದಿಂದ ಆ ಹಾದಿಗಳ ಅಗಲವನ್ನು ಮಕ್ಕಳೇ ಅಳೆಯಲಿ.

ಇದಕ್ಕೆ ತದ್ವಿರುದ್ಧವಾದದ್ದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಜುರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವಿನ ಕೊರಿವ್ರೆಕನ್ ಜಲಸಂಧಿ. ಅದರ ಅಗಲ ಸುಮಾರು ಒಂದು ಕಿಲೋಮೀಟರ್. ಅಗಲ ಅಷ್ಟಿದ್ದರೂ ಉದ್ದುದ್ದ ದ್ವೀಪಗಳ ಸಾಲು ಎರಡು ಕಡೆಯ ನೀರನ್ನು ಬೇರ್ಪಡಿಸಿರುವುದರಿಂದ, ಅಲ್ಲಿ ಹರಿವು ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ ಮುಟ್ಟುತ್ತದೆ. ತಳದಿಂದ ಮೇಲೆದ್ದು, ನೀರಿನ ಮೇಲ್ಮೈಗೆ 29 ಮೀಟರ್ ಕೆಳಗಿನವರೆಗೆ ಬಂದು ನಿಂತ ಒಂದು ಶಿಲಾಶಿಖರಕ್ಕೆ ಆ ಹರಿವು ಡಿಕ್ಕಿ ಹೊಡೆಯುವುದರಿಂದ ದೊಡ್ಡ ಸುಳಿ ಏಳುತ್ತದೆ.

ಗಡ್ಡಿಯ ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು

ಯಾದಗಿರಿ ಜಿಲ್ಲೆಯ ಮಕ್ಕಳಿಗೆ ಕೃಷ್ಣಾ ನದಿಯ ಗಡ್ಡಿಗಳು ಗೊತ್ತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟಾಗ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಗಳ ಜನ ಹೊರಗಿನ ಸಂಪರ್ಕ ಕಡಿದುಕೊಂಡದ್ದನ್ನು, ಹರಗೋಲು ಹಾಕಲೂ ಅಂಜುವಂಥ ಸೆಳವು ಬರುವುದನ್ನು ಅವರು ಕೇಳಿಯೋ ನೋಡಿಯೋ ಬಲ್ಲರು. ಗಡ್ಡಿ ಮತ್ತು ದಂಡೆಯ ನಡುವೆ ನೀರು ಇಕ್ಕಟ್ಟಾಗಿ ವೇಗ ಹೆಚ್ಚುವುದನ್ನು ತಿಳಿಸಲು ಈ ಹೋಲಿಕೆ ಒಳ್ಳೆಯದೇ. ಆದರೆ ಅಷ್ಟಕ್ಕೇ ಅದನ್ನು ನಿಲ್ಲಿಸಬೇಕು. ನದಿಯಲ್ಲಿ ನೆಲದ ಇಳಿಜಾರು ನೀರನ್ನು ಒಂದೇ ದಿಕ್ಕಿಗೆ ಒಯ್ಯುತ್ತದೆ, ಜಲಸಂಧಿಯಲ್ಲಿ ಇಳಿಜಾರು ಇರುವುದು ನೀರಿನ ಮೇಲ್ಮೈಯಲ್ಲಿ, ಅದೂ ಕೆಲವು ಗಂಟೆಗೊಮ್ಮೆ ತಿರುಗುಮುರುಗಾಗುತ್ತದೆ. ಹಾಗೆ ತಿರುಗುವ ಹೊತ್ತಿನಲ್ಲಿ ನೀರು ಸ್ವಲ್ಪ ಹೊತ್ತು ನಿಂತಂತಾಗುವುದು ನದಿಯಲ್ಲಿ ಎಂದೂ ಕಾಣದ ಸಂಗತಿ. ಹರಗೋಲಿನವರು ಹೊಳೆ ಇಳಿಯುವುದನ್ನು ದಿನಗಟ್ಟಲೆ ಕಾಯಬೇಕಾದರೆ, ಜಲಸಂಧಿ ದಾಟುವವರು ಗಡಿಯಾರ ನೋಡಿ ಗಂಟೆಗಳನ್ನು ಕಾಯುತ್ತಾರೆ.

ಉಬ್ಬರದ ಲೆಕ್ಕ

ಎರಡನೆಯ ಅವಧಿಗೆ ಉಬ್ಬರ ಇಳಿತಗಳ ವೇಳಾಪಟ್ಟಿ ಬೇಕು. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿ ವರ್ಷ ಬಂದರುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ ಜಾಲತಾಣದಲ್ಲಿಯೂ ಉಬ್ಬರದ ಮುನ್ಸೂಚನೆ ಸಿಗುತ್ತದೆ. ದೇಶದ ಕಡಲ ಮುನ್ಸೂಚನೆಯೂ ಸುನಾಮಿ ಎಚ್ಚರಿಕೆಯೂ ಹೊರಡುವುದು ಬೀದರಿನಿಂದ ಅರ್ಧ ದಿನದಲ್ಲಿ ಹೋಗಿಬರಬಹುದಾದ, ಕಡಲೇ ಇಲ್ಲದ ಒಂದು ನಗರದಿಂದ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಕಡಲಿನ ವಿಜ್ಞಾನ ಕರಾವಳಿಯವರದ್ದು ಮಾತ್ರ ಎಂಬ ಭಾವನೆ ಅದರಿಂದ ಕರಗುತ್ತದೆ.

ಪಟ್ಟಿಯಲ್ಲಿ ಉಬ್ಬರ ಮತ್ತು ಇಳಿತದ ಹೊತ್ತು ಹಾಗೂ ಎತ್ತರ ಮಾತ್ರ ಇರುತ್ತವೆ. ನಡುವಿನ ಗಂಟೆಗಳಿಗೆ ನಾವಿಕರು ಬಳಸುವ ಹನ್ನೆರಡರ ಲೆಕ್ಕವನ್ನು ಬಳಸಬಹುದು. ಇಳಿತದಿಂದ ಉಬ್ಬರದವರೆಗಿನ ಸುಮಾರು ಆರು ಗಂಟೆಗಳಲ್ಲಿ ಒಟ್ಟು ಏರಿಕೆಯ ಹನ್ನೆರಡನೆಯ ಒಂದು ಪಾಲು ಮೊದಲ ಗಂಟೆಯಲ್ಲಿ, ಎರಡು ಪಾಲು ಎರಡನೆಯದರಲ್ಲಿ, ಮೂರು ಮೂರು ಪಾಲು ಮೂರನೆಯ ಮತ್ತು ನಾಲ್ಕನೆಯದರಲ್ಲಿ, ಎರಡು ಪಾಲು ಐದನೆಯದರಲ್ಲಿ, ಒಂದು ಪಾಲು ಆರನೆಯದರಲ್ಲಿ ಏರುತ್ತದೆ ಎಂಬುದು ಆ ಲೆಕ್ಕ. ಕರ್ನಾಟಕದ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಏರಿಳಿತ ಸುಮಾರು ಒಂದೂವರೆಯಿಂದ ಎರಡು ಮೀಟರಿನ ಆಸುಪಾಸಿನಲ್ಲಿರುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರನ್ನೂ ಮೀರುತ್ತದೆ. ಲೆಕ್ಕ ಸುಲಭವಾಗಲೆಂದು ಏರಿಕೆ 180 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ, ಗಂಟೆಗಂಟೆಗೆ 15, 30, 45, 45, 30, 15 ಸೆಂಟಿಮೀಟರ್ ಏರುತ್ತದೆ. ಇದನ್ನು, ಮುಂದಿನ ಆರು ಗಂಟೆಗಳ ಇಳಿಕೆಯನ್ನೂ ಇದೇ ಲೆಕ್ಕದಲ್ಲಿ ಸೇರಿಸಿ, ಗ್ರಾಫ್ ಹಾಳೆಯಲ್ಲಿ ಎಳೆಯಿಸಬೇಕು.

ಈಗ ಜಲಸಂಧಿಯ ಒಂದು ಬಾಯಿಗಿಂತ ಇನ್ನೊಂದು ಬಾಯಿಯಲ್ಲಿ ಉಬ್ಬರ ಒಂದು ಗಂಟೆ ತಡವಾಗಿ ಬರುತ್ತದೆ ಎಂದು ಊಹಿಸಿ, ಅದೇ ಗೆರೆಯನ್ನು ಒಂದು ಗಂಟೆ ಬಲಕ್ಕೆ ಸರಿಸಿ ಬೇರೆ ಬಣ್ಣದಲ್ಲಿ ಎಳೆಯಬೇಕು. ಯಾವುದೇ ಹೊತ್ತಿನಲ್ಲಿ ಎರಡು ಗೆರೆಗಳ ನಡುವಿನ ಲಂಬ ಅಂತರವೇ ನೀರಿನ ಮಟ್ಟದ ಅಂತರ. ಉಬ್ಬರದ ನಡುಹೊತ್ತಿನಲ್ಲಿ ಅದು 45 ಸೆಂಟಿಮೀಟರ್ ಮುಟ್ಟುತ್ತದೆ. ವೇಗಕ್ಕೆ, ವಿಜ್ಞಾನ ಶಿಕ್ಷಕರ ಸಹಾಯದಿಂದ, ಮೇಲಿನಿಂದ ಬಿದ್ದ ವಸ್ತುವಿನ ಸೂತ್ರವನ್ನೇ ಬಳಸಬಹುದು. ಮೀಟರಿನಲ್ಲಿ ಅಳೆದ ಅಂತರವನ್ನು 19.6ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗ ಬರುತ್ತದೆ. 10 ಸೆಂಟಿಮೀಟರ್ ಅಂತರಕ್ಕೆ 1.4 ಮೀಟರ್, 45 ಸೆಂಟಿಮೀಟರಿಗೆ ಸುಮಾರು 3 ಮೀಟರ್, ಒಂದು ಮೀಟರಿಗೆ 4.4 ಮೀಟರ್. ತಳದ ಮತ್ತು ದಂಡೆಯ ಘರ್ಷಣೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲವಾದ್ದರಿಂದ ನಿಜವಾದ ವೇಗ ಇದಕ್ಕಿಂತ ಕಡಿಮೆಯೇ ಇರುತ್ತದೆ ಎಂದು ಹೇಳಿಬಿಡಬೇಕು. ಆದರೂ ಸೆಕೆಂಡಿಗೆ 3 ಮೀಟರ್ ಎಂದರೆ ಗಂಟೆಗೆ 10 ಕಿಲೋಮೀಟರಿಗೂ ಮಿಗಿಲು. ಸಾಧಾರಣ ಈಜುಗಾರ ಗಂಟೆಗೆ ಮೂರು ಕಿಲೋಮೀಟರಿನ ಆಸುಪಾಸಿನಲ್ಲಿ ಈಜುತ್ತಾನೆ. ಬಾವಿಯಲ್ಲಿ ಧುಮುಕಿ ಈಜು ಕಲಿತ ನಮ್ಮ ಹುಡುಗರು ಕಡಲ ಪ್ರವಾಸಕ್ಕೆ ಹೋದಾಗ ಇಲ್ಲಿಂದ ಆ ದ್ವೀಪಕ್ಕೆ ಈಜಿಬಿಡುತ್ತೇನೆ ಎನ್ನುವುದಕ್ಕೆ ಈ ಎರಡು ಅಂಕಿಗಳಿಗಿಂತ ಗಟ್ಟಿಯಾದ ಉತ್ತರ ಬೇಕಾಗುವುದಿಲ್ಲ.

ಗ್ರಾಫಿನಿಂದ ಇನ್ನೊಂದು ಸಂಗತಿಯನ್ನು ಮಕ್ಕಳೇ ಕಂಡುಹಿಡಿಯುವಂತೆ ಮಾಡಬೇಕು. ಎರಡು ಗೆರೆಗಳು ಒಂದನ್ನೊಂದು ದಾಟುವ ಹೊತ್ತಿಗೆ ಅಂತರ ಸೊನ್ನೆ, ಸೆಳೆತವೂ ನಿಲ್ಲಬೇಕು. ನೀರಿಗೆ ಮೊದಲೇ ಇರುವ ಓಟದ ಬಲದಿಂದ ಅದು ನಿಲ್ಲುವುದು ಸ್ವಲ್ಪ ತಡವಾಗಲೂಬಹುದು. ಆ ಹೊತ್ತು ಮೊದಲ ಬಾಯಿಯ ಉಬ್ಬರದ ಹೊತ್ತೂ ಅಲ್ಲ, ಎರಡನೆಯ ಬಾಯಿಯದೂ ಅಲ್ಲ, ಎರಡರ ನಡುವಿನದು. ಉಬ್ಬರ ತುಂಬಿದಾಗ ಜಲಸಂಧಿಯ ನೀರು ನಿಲ್ಲುತ್ತದೆ ಎಂದು ಹಲವು ಪ್ರಶ್ನೋತ್ತರ ಪುಸ್ತಕಗಳಲ್ಲಿ ಇರುವ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ಎರಡು ಬಾಯಿಗಳಲ್ಲಿ ಉಬ್ಬರ ಒಂದೇ ಹೊತ್ತಿಗೆ ಬಂದು ಅದರ ಎತ್ತರ ಮಾತ್ರ ಬೇರೆಯಾಗಿದ್ದರೆ, ಉಬ್ಬರದ ತುದಿಯಲ್ಲಿಯೇ ಮಟ್ಟದ ಅಂತರ ಅತಿ ಹೆಚ್ಚಾಗಿರುತ್ತದೆ. ಆಸಕ್ತಿ ಇರುವ ಮಕ್ಕಳಿಗೆ ಎರಡನೆಯ ಗೆರೆಯನ್ನು ಸರಿಸುವ ಬದಲು ಅದರ ಎತ್ತರವನ್ನು ಅರ್ಧಕ್ಕಿಳಿಸಿ ಎಳೆಯಲು ಮನೆಗೆಲಸ ಕೊಡಬಹುದು.

ಪಾಂಬನ್ ಉದಾಹರಣೆ ಮತ್ತು ಪ್ರವಾಸದ ಮುನ್ನೆಚ್ಚರಿಕೆ

ನಮ್ಮ ಭಾಗದ ಜನ ನಿಜವಾಗಿ ಕಣ್ಣಾರೆ ಕಂಡ ಜಲಸಂಧಿ ಯಾವುದೆಂದರೆ ಹೆಚ್ಚಾಗಿ ಪಾಂಬನ್. ರಾಮೇಶ್ವರ ಯಾತ್ರೆಗೆ ಹೋಗಿಬಂದ ಅಜ್ಜ ಅಮ್ಮಂದಿರು ಪ್ರತಿ ತರಗತಿಯ ನಾಲ್ಕಾರು ಮನೆಗಳಲ್ಲಿ ಇದ್ದೇ ಇರುತ್ತಾರೆ. ಸೇತುವೆಯ ಮೇಲೆ ಹೋಗುವಾಗ ಕೆಳಗೆ ನೀರು ಯಾವ ಕಡೆಗೆ ಹರಿಯುತ್ತಿತ್ತು, ಅವರು ಹೋದದ್ದು ಯಾವ ತಿಂಗಳು ಎಂದು ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಬೇಕು. ಅಲ್ಲಿ ಹರಿವನ್ನು ಉಬ್ಬರ ಒಂದೇ ನಿರ್ಧರಿಸುವುದಿಲ್ಲ. ಗಾಳಿಯೂ ನೀರನ್ನು ಒಂದು ಕಡೆಗೆ ಒತ್ತುತ್ತದೆ. ನೈಋತ್ಯ ಮಾನ್ಸೂನಿನ ಕಾಲದಲ್ಲಿ ಹೆಚ್ಚಾಗಿ ಮನ್ನಾರ್ ಕೊಲ್ಲಿಯಿಂದ ಪಾಕ್ ಕೊಲ್ಲಿಯ ಕಡೆಗೆ, ಈಶಾನ್ಯ ಮಾನ್ಸೂನಿನಲ್ಲಿ ಅದಕ್ಕೆ ವಿರುದ್ಧವಾಗಿ ಹರಿವು ಇರುತ್ತದೆ. ಹಡಗುಗಳಿಗೆ ದಾರಿ ಬಿಡಲು ನಡುವೆ ತೆರೆದುಕೊಳ್ಳುವ ಹಳೆಯ ರೈಲು ಸೇತುವೆ 1914ರಲ್ಲಿ ಬಳಕೆಗೆ ಬಂತು. ಅದರ ಪಕ್ಕದಲ್ಲಿ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ಭಾಗ ನೆಟ್ಟಗೆ ಮೇಲಕ್ಕೇಳುತ್ತದೆ. ಜಲಸಂಧಿ ಭೂಮಿಯನ್ನು ಬೇರ್ಪಡಿಸುವಾಗಲೇ ನೀರನ್ನು ಕೂಡಿಸುತ್ತದೆ ಎಂಬ ವ್ಯಾಖ್ಯೆಯ ಎರಡೂ ಭಾಗಗಳು ಒಂದೇ ಚಿತ್ರದಲ್ಲಿ ಕಾಣುವುದು ಆ ಸೇತುವೆಯಲ್ಲಿ.

ಶಾಲಾ ಪ್ರವಾಸವನ್ನು ಕರಾವಳಿಗೆ ಒಯ್ಯುವವರು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗುವುದು ಲೇಸು. ಮಳೆಗಾಲದಲ್ಲಿ ದ್ವೀಪಗಳಿಗೆ ದೋಣಿ ಬಿಡುವುದಿಲ್ಲ. ಹೋಗುವ ದಿನದ ಉಬ್ಬರ ಇಳಿತಗಳ ಹೊತ್ತನ್ನು ಮಕ್ಕಳೇ ಪಟ್ಟಿಯಿಂದ ತೆಗೆದು ಬರೆದುಕೊಂಡಿರಲಿ. ದೋಣಿ ಹತ್ತುವ ಮೊದಲೇ ಜೀವರಕ್ಷಕ ಜಾಕೆಟ್ ತೊಡಿಸಬೇಕು. ಇಳಿತದ ಹೊತ್ತಿನಲ್ಲಿ ಒಂದು ಬಂಡೆಯಿಂದ ಇನ್ನೊಂದಕ್ಕೆ ನಡೆದುಹೋಗುವಷ್ಟು ನೀರು ಸರಿದಿದ್ದರೂ ಹಾಗೆ ದಾಟಲು ಬಿಡಬಾರದು. ಹನ್ನೆರಡರ ಲೆಕ್ಕದಂತೆ ಮೊದಲ ಗಂಟೆಯಲ್ಲಿ ಮೆಲ್ಲಗೆ ಏರುವ ನೀರು ಮೂರನೆಯ ಗಂಟೆಯಲ್ಲಿ ಅದರ ಮೂರು ಪಟ್ಟು ಏರುತ್ತದೆ, ಅಷ್ಟರಲ್ಲಿ ಹಿಂದಿರುಗುವ ಹಾದಿ ಮುಚ್ಚಿರುತ್ತದೆ.

ನಕಾಶೆ ಓದಿಸುವಾಗ ಒಂದು ವ್ಯತ್ಯಾಸವನ್ನು ಹೇಳಬೇಕಾಗುತ್ತದೆ. ಭೂನಕ್ಷೆಯಲ್ಲಿ ಎತ್ತರಗಳು ಸರಾಸರಿ ಸಮುದ್ರ ಮಟ್ಟದಿಂದ ಅಳೆದವು. ಡೆಹರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ತಯಾರಿಸುವ ನೌಕಾ ನಕ್ಷೆಗಳಲ್ಲಿ ಆಳಗಳನ್ನು ಅಳೆಯುವುದು ನೀರು ಅತಿ ಕೆಳಗೆ ಇಳಿದಾಗಿನ ಮಟ್ಟದ ಹತ್ತಿರದಿಂದ. ನಕ್ಷೆಯಲ್ಲಿ ಸಂದಿನ ಆಳ 2 ಮೀಟರ್ ಎಂದಿದ್ದರೆ ಸಾಮಾನ್ಯವಾಗಿ ಅಲ್ಲಿ ಅದಕ್ಕಿಂತ ಹೆಚ್ಚು ನೀರು ಇರುತ್ತದೆ, ಆ ಹೊತ್ತಿನ ಉಬ್ಬರದ ಎತ್ತರವನ್ನು ಪಟ್ಟಿಯಿಂದ ಓದಿ ಅದಕ್ಕೆ ಕೂಡಿಸಿಕೊಳ್ಳಬೇಕು.

ಪಾಠ ಮುಗಿದ ಮೇಲಿನ ಕಿರುಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವುದಕ್ಕಿಂತ ಒಂದು ರೇಖಾಚಿತ್ರ ಕೊಡುವುದು ಮೇಲು. ಒಂದೇ ಅಗಲದ ಎರಡು ಸಂದುಗಳನ್ನು ಬರೆದು, ಮೊದಲನೆಯದರಲ್ಲಿ ದ್ವೀಪಗಳ ಹೊರಬದಿಯನ್ನು ಮುಖ್ಯಭೂಮಿಗೆ ಬಂಡೆಗಳ ಸಾಲಿನಿಂದ ಕೂಡಿಸಿ, ಎರಡನೆಯದರಲ್ಲಿ ತೆರೆದ ಸಮುದ್ರ ತೋರಿಸಿ, ಯಾವುದರಲ್ಲಿ ಸೆಳೆತ ಹೆಚ್ಚು ಮತ್ತು ಏಕೆ ಎಂದು ಕೇಳಬೇಕು. ಮೊದಲನೆಯದು ಎಂದಷ್ಟೇ ಬರೆದವರಿಗೆ ಒಂದು ಅಂಕ, ನೀರಿಗೆ ಬೇರೆ ಹಾದಿ ಇಲ್ಲದ್ದರಿಂದ ಎರಡು ಕಡೆಯ ಮಟ್ಟದಲ್ಲಿ ಅಂತರ ಉಳಿಯುತ್ತದೆ ಎಂದು ಬರೆದವರಿಗೆ ಪೂರ್ಣ ಅಂಕ ಕೊಡಬಹುದು. ಸಂದು ಇಕ್ಕಟ್ಟಾಗಿದೆ ಎಂಬ ಕಾರಣ ಮಾತ್ರ ಬರೆದಿದ್ದರೆ, ಎರಡೂ ಸಂದುಗಳ ಅಗಲ ಒಂದೇ ಎಂಬುದನ್ನು ತೋರಿಸಿ ಉತ್ತರವನ್ನು ಮತ್ತೊಮ್ಮೆ ಬರೆಯಿಸಬೇಕು.